ಅಗುಳಿಯಿಲ್ಲದ ಬಾಗಿಲು

ಬಡಗಿ ಪರದೇಶಕ್ಕೆ ಹೊರಟಾಗ ಅವನ ಪೆಟ್ಟಿಗೆಯಲ್ಲಿ ಭಾರವಾದ ಸಾಮಾನು ಎರಡೇ ಇದ್ದವು: ಅಪ್ಪ ಬಿಟ್ಟುಹೋದ, ಮರ ಹೆರೆಯುವ ಹತ್ತರಿ ಮತ್ತು ಚರ್ಚಿನ ಬೋಧಕರ ಹಾಗೆ ಬೋಧಿಸಲು ಅವನೇ ಕಟ್ಟಿದ ಒಂದು ಪ್ರಸಂಗ. ಮಾತಿಗೇನು ಭಾರ ಎನ್ನುವವರು ಆ ಪ್ರಸಂಗವನ್ನು ಕೇಳಿದವರಲ್ಲ. ಮರದ ಅಂಗಡಿಯೊಂದರಲ್ಲಿ ಕೂಲಿಗೆ ಮಂಚ, ಕಪಾಟು, ಚಪ್ಪಲಿ ಸ್ಟ್ಯಾಂಡು ಮಾಡುತ್ತ ಮಾಡುತ್ತಲೇ ಅವನು ಅದನ್ನು ಬಾಯಿಪಾಠ ಮಾಡಿಕೊಂಡಿದ್ದ. ಕೇಳುಗರೆಂದರೆ ಕಪಾಟುಗಳೇ. ಕನ್ನಡಿ ಕೂರಿಸಿದ ಕಪಾಟಿನ ಮುಂದೆ ಕೈಯೆತ್ತಿ ನಿಂತರೆ ಎದುರಿಗಿದ್ದವನ ಕಣ್ಣಲ್ಲಿ ತಪ್ಪದೆ ನೀರು ಬರುತ್ತಿತ್ತು. ಅದು ಪಾಲಿಷಿನ ಘಾಟಿಗೆ ಬಂದ ನೀರು ಎಂದು ಅಂಗಡಿಯ ಯಜಮಾನ ಹೇಳುತ್ತಿದ್ದ. ಯಜಮಾನನಿಗೆ ಆತ್ಮದ ವಿಷಯ ತಿಳಿಯದು ಎಂದು ಬಡಗಿ ಕ್ಷಮಿಸುತ್ತಿದ್ದ.

ಪ್ರಸಂಗವಿದ್ದದ್ದು ಬಾಗಿಲಿನ ಮೇಲೆ. ಬಡಗಿಯ ಬಾಯಲ್ಲಿ ಬಾಗಿಲಿನ ಮಾತು ಬಂದರೆ ಒಪ್ಪುತ್ತದೆ ಎಂಬುದು ಅವನ ಲೆಕ್ಕ. ಹೃದಯದ ಬಾಗಿಲು, ಅದರ ತುಕ್ಕು ಹಿಡಿದ ಬಿಜಾಗರಿ, ಒಳಗಿನ ಧೂಳು ಎಂದೆಲ್ಲ ಹೋಗಿ, ಜನ ಗೋಳೋ ಎಂದು ಅಳಬೇಕಾದ ಜಾಗದಲ್ಲಿ ಸ್ವಲ್ಪ ಹೊತ್ತು ಸುಮ್ಮನಿರಬೇಕೆಂದೂ ಗುರುತು ಮಾಡಿಕೊಂಡಿದ್ದ. ಅವನ ಅಮ್ಮ ಸಭೆಯ ಹೆಂಗಸರಿಗೆಲ್ಲ, ತನ್ನ ಮಗ ಹೋದ ಮೇಲೆ ಅಲ್ಲಿಯವರಿಗೆ ಪಾಪ ಮಾಡುವುದಕ್ಕೂ ಪುರುಸೊತ್ತಿರುವುದಿಲ್ಲ ಎಂದು ಹೇಳಿಕೊಂಡು ಬಂದಿದ್ದಳು. ಸೋದರಮಾವ ಮಾತ್ರ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತ, ಮಿಷನ್ನಿನವರು ಬರೆದು ಕೇಳಿದ್ದು ಒಬ್ಬ ಬಡಗಿಯನ್ನೇ ಹೊರತು ಬೋಧಕನನ್ನಲ್ಲ ಎಂದು ನೆನಪಿಸಿದ. ಮಾವನನ್ನೂ ಅವನು ಕ್ಷಮಿಸಿದ. ಹೊರಡುವ ಹೊತ್ತಿಗೆ ಅವನು ಕ್ಷಮಿಸದೆ ಉಳಿದವರೇ ಇರಲಿಲ್ಲ.

ಆ ಊರು ಅವನನ್ನು ಬರಮಾಡಿಕೊಂಡದ್ದು ಕಲ್ಲಿನಿಂದ. ನಿಲ್ದಾಣದಿಂದ ಹೊರಟ ಬಸ್ಸು ಸೇತುವೆಯ ಬೀದಿಗೆ ತಿರುಗುತ್ತಲೇ ಕಿಟಕಿ ಒಡೆದು, ಮುಂದಿನ ಸೀಟಿನ ಹೆಂಗಸಿನ ಹಣೆ ಬಿರಿಯಿತು. ಆಕೆ ಸೆರಗಿನಿಂದ ರಕ್ತ ಒತ್ತಿಕೊಂಡು, ತನ್ನ ನಿಲ್ದಾಣ ಬಂತೇ ಎಂದು ಕೇಳಿದಳು. ಚಾಲಕ ಗಾಜಿನ ಚೂರುಗಳನ್ನು ಅಂಗೈಯಿಂದ ಸರಿಸಿ ಗಾಡಿ ಓಡಿಸಿದ. ಬಡಗಿಯೊಬ್ಬನೇ ಸೀಟಿನ ಕೆಳಗಿದ್ದ. ಅಲ್ಲಿಂದ ಅವನನ್ನು ಎಳೆದು ಕೂರಿಸಿದವಳು ಹಣೆ ಒಡೆದ ಅದೇ ಹೆಂಗಸು.

ಸೇತುವೆಯ ಆಚೆಯವರಿಗೂ ಈಚೆಯವರಿಗೂ ಹಗೆ. ಯಾವಾಗ ಶುರುವಾಯಿತೆಂದು ಕೇಳಿದರೆ ಎರಡೂ ಕಡೆಯವರು ತಮ್ಮ ತಮ್ಮ ಮುತ್ತಜ್ಜನಿಂದ ಕತೆ ತೆಗೆಯುತ್ತಿದ್ದರು. ಕತೆ ಏನೇ ಇರಲಿ, ಕಬ್ಬಿಣದ ಸರಳು, ಮಚ್ಚು, ಒಡೆದ ಬಾಟಲಿ ಎರಡೂ ಕಡೆ ಒಂದೇ. ಮಿಷನ್ನಿನ ಮನೆ ಸೇತುವೆಯ ಬಾಯಲ್ಲೇ ನಿಂತಿತ್ತು, ಜಗಳವಾಡುವ ಇಬ್ಬರ ನಡುವೆ ಸಿಕ್ಕಿದ ಸೊಸೆಯ ಹಾಗೆ. ಮುಂದೆ ಮಂಚಗಳ ಉದ್ದ ಕೋಣೆ, ಹಿಂದೆ ಅಡುಗೆಮನೆ, ಅಂಗಳದಲ್ಲಿ ನಲ್ಲಿ, ನಲ್ಲಿಯ ಪಕ್ಕದಲ್ಲಿ ತಗಡಿನ ಮಾಡು ಹೊದಿಸಿದ ಕೆಲಸದ ಕೊಟ್ಟಿಗೆ. ಪೆಟ್ಟು ತಿಂದವರು, ಹೆರಿಗೆಗೆ ಬಂದವರು, ಓಡಿಬಂದವರು ಎಲ್ಲರಿಗೂ ಅದೊಂದೇ ಕೋಣೆ.

ಮನೆಯನ್ನು ನಡೆಸುತ್ತಿದ್ದವರನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ನರ್ಸಾಗಿ ಬಂದು ಅಲ್ಲೇ ಮುದುಕಿಯಾದವರು. ಬಡಗಿ, ಬಂದ ದಿನವೇ, ತಾನು ಪ್ರಸಂಗ ಮಾಡಬಲ್ಲೆನೆಂದು ಅವರಿಗೆ ತಿಳಿಸಿದ. ಧಾರಾಳವಾಗಿ ಮಾಡು, ಅದಕ್ಕೆ ಮುಂಚೆ ಒಂದಷ್ಟು ಊರುಗೋಲು ಮಾಡು ಎಂದರು. ಊರುಗೋಲು ಮುಗಿದಾಗ ಸ್ಟ್ರೆಚರು, ಸ್ಟ್ರೆಚರು ಮುಗಿದಾಗ ಶವಪೆಟ್ಟಿಗೆ. ಒಮ್ಮೆ ಅವಕಾಶ ಕಾದು, ಮಂಚಗಳ ನಡುವೆ ನಿಂತು, ಕಲಿತಷ್ಟು ಅಲ್ಲಿಯ ಭಾಷೆಯಲ್ಲಿ ಶುರುಮಾಡಿಯೇ ಬಿಟ್ಟ. ಬಿಜಾಗರಿಯ ತುಕ್ಕಿಗೆ ಬರುವಷ್ಟರಲ್ಲಿ ಹತ್ತಿರದ ಮಂಚದವನು ಬಗ್ಗಿ ಅವನ ಬೂಟಿನ ಮೇಲೆ ರಕ್ತ ಕಾರಿಕೊಂಡ. ಅಡುಗೆಯಕ್ಕ ಬಕೆಟ್ಟು ತಂದು ಬಡಗಿಯ ಕೈಗೇ ಕೊಟ್ಟಳು. ಆಕೆ ಆ ಊರಿನವಳೇ. ಒನಕೆಯಂಥ ತೋಳು, ಹಾರೆಯಂಥ ನಾಲಿಗೆ. ಅಂದಿನಿಂದ ಅವಳು ಅವನನ್ನು ಕರೆದದ್ದು ಉಪದೇಶಿ ಎಂದೇ. 'ಉಪದೇಶಿ, ಸೌದೆ ಒಡಿ.' 'ಉಪದೇಶಿ, ಈರುಳ್ಳಿ ಸುಲಿ, ಅಳು ಬಂದ್ರೆ ಪಶ್ಚಾತ್ತಾಪ ಅಂದ್ಕೊ.'

ಅವನ ಪ್ರಸಂಗವನ್ನು ಕೇಳಲು ಒಪ್ಪಿದವನು ಇಡೀ ಮನೆಯಲ್ಲಿ ಕೊಡೆಯಜ್ಜನೊಬ್ಬನೇ. ಆಚೆ ಕಡೆಯವನು, ಕೊಡೆ ರಿಪೇರಿಯವನು. ಯಾರದೋ ಮುರಿದ ಕೊಡೆಯನ್ನು ಸರಿಮಾಡಿ ಕೊಡಲು ಸೇತುವೆ ದಾಟಿ ಬಂದವನ ಮೊಣಕಾಲನ್ನು ಈಚೆಯವರು ಸರಳಿನಿಂದ ಪುಡಿಮಾಡಿದ್ದರು. ಬಡಗಿ ಅವನಿಗೆ ಮಾಡಿಕೊಟ್ಟ ಊರುಗೋಲಿನ ಹಿಡಿಯನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದ. ಅಜ್ಜ ಅದನ್ನು ತೊಡೆಯ ಮೇಲಿಟ್ಟುಕೊಂಡು ಸವರಿ, ಇಷ್ಟು ಚೆನ್ನಾಗಿರುವ ಕೋಲು ಕೊಟ್ಟರೆ ಕಾಲು ವಾಸಿಯಾಗಲು ಒಪ್ಪುವುದಿಲ್ಲ ಎಂದು ದೂರುತ್ತಿದ್ದ. ಪ್ರಸಂಗ ಶುರುವಾದೊಡನೆ ತಲೆದೂಗುತ್ತಿದ್ದ, ತಲೆದೂಗುತ್ತಲೇ ನಿದ್ದೆ ಹೋಗುತ್ತಿದ್ದ. ಎದ್ದ ಮೇಲೆ, ಬಾಗಿಲು ಕೊನೆಗೂ ತೆಗೆಯಿತೇ ಎಂದು ವಿಚಾರಿಸುತ್ತಿದ್ದ.

ಮನೆಯ ಮುಂಬಾಗಿಲು ಹೋದದ್ದು ಒಂದು ಹಗಲು ಜಗಳದಲ್ಲಿ. ಒಬ್ಬನನ್ನು ಎತ್ತಿ ಅದಕ್ಕೆ ಬಡಿದರು. ಬಾಗಿಲೂ ಅವನೂ ಒಟ್ಟಿಗೇ ಒಳಗೆ ಬಿದ್ದರು. ಅವನ ಪಕ್ಕೆಲುಬುಗಳಿಗೆ ದೊಡ್ಡಕ್ಕ ಪಟ್ಟಿ ಕಟ್ಟಿದರು. ಬಾಗಿಲಿಗೆ ಕಟ್ಟುವುದಕ್ಕೆ ಏನೂ ಉಳಿದಿರಲಿಲ್ಲ. ಹೊಸ ಬಾಗಿಲು ಮಾಡು ಎಂದು ಬಡಗಿಗೆ ಹೇಳಿ, ಅವರು ದೂರದ ಪಟ್ಟಣಕ್ಕೆ ಔಷಧಿ ತರಲು ಹೊರಟರು. ಗಾಡಿ ಹತ್ತುವ ಮುಂಚೆ ತಿರುಗಿ ಬಂದು ಒಂದು ಮಾತು ಸೇರಿಸಿದರು.

'ಅಗುಳಿ ಹಾಕ್ಬೇಡ. ಚಿಲಕವೂ ಬೇಡ.'

ಅವನು ಮುಖ ನೋಡಿದ.

'ಅಗುಳಿ ಇಲ್ಲದ ಮನೆ ಅಂತಲೇ ಎರಡೂ ಕಡೆಯವರು ಹೊಸ್ತಿಲ ಹೊರಗೆ ಕತ್ತಿ ಬಿಟ್ಟು ಬರ್ತಾರೆ. ಅಗುಳಿ ಹಾಕಿದ ದಿನ ಒಳಗ್ಯಾರು, ಹೊರಗ್ಯಾರು ಅಂತ ನಾವು ಆರಿಸ್ಬೇಕಾಗುತ್ತೆ. ಆರಿಸೋ ಕೆಲಸ ನಮ್ಮದಲ್ಲ ಮಗಾ.'

ಬಡಗಿ ತಲೆಯಾಡಿಸಿದ. ಕೊಡೆಯಜ್ಜನ ಹಾಗೆಯೇ ಆಡಿಸಿದ. ಮಾತು ಒಳಗೆ ಇಳಿದಿರಲಿಲ್ಲ. ಮುದುಕಿಗೆ ವಯಸ್ಸಾಯಿತು ಎಂದುಕೊಂಡ. ಅಗುಳಿಯಿಲ್ಲದ ಬಾಗಿಲು ಹಲ್ಲಿಲ್ಲದ ಬಾಯಿ ಎಂದು ಅಪ್ಪ ಹೇಳುತ್ತಿದ್ದ, ಅಪ್ಪನೇನು ದಡ್ಡನೇ? ಅಲ್ಲದೆ ಅವನು ಊರಿಂದ ಹೊತ್ತು ತಂದ ಆಸೆಗಳಲ್ಲಿ ಒಂದೂ ಚಿಗುರಿರಲಿಲ್ಲ. ಯಾರೂ ಅತ್ತಿರಲಿಲ್ಲ, ಯಾರೂ ಬದಲಾಗಿರಲಿಲ್ಲ, ಶಭಾಷ್ ಎಂದವರೂ ಇರಲಿಲ್ಲ. ಈಗ ಹೆಂಗಸರು ಮಕ್ಕಳು ತುಂಬಿದ ಮನೆಯನ್ನು ಕಾಯುವ ಒಂದು ಬಾಗಿಲು ಮಾಡಿ ನಿಲ್ಲಿಸಿದರೆ, ದೊಡ್ಡಕ್ಕ ಬಂದು ಅದರ ಮೇಲೆ ಕೈಯಾಡಿಸಿ, ನನಗೆ ಹೊಳೆಯದ್ದು ನಿನಗೆ ಹೊಳೆಯಿತಲ್ಲ ಎನ್ನುವರು. ಆ ಮಾತನ್ನು ಅವನು ಮನಸ್ಸಿನಲ್ಲೇ ಎಷ್ಟು ಸಲ ಕೇಳಿಸಿಕೊಂಡನೆಂದರೆ, ಅವರು ಆಗಲೇ ಹೇಳಿಯಾಗಿತ್ತು.

ಬಾಗಿಲು ಎದ್ದಿತು. ಅದರ ಬೆನ್ನಿಗೆ ತೊಡೆಗಾತ್ರದ ಮರದ ಅಗುಳಿ ಬಂತು. ಚೌಕಟ್ಟಿನ ತೂತಿಗೆ ಅದು ಕೂದಲು ಹೋಗಲೂ ಜಾಗವಿಲ್ಲದಂತೆ ಕೂರುತ್ತಿತ್ತು. ಮರ ಹಸಿ ಎಂದು ಅವನಿಗೆ ಗೊತ್ತಿತ್ತು. ಹಸಿ ಮರ ನೀರು ಕುಡಿದರೆ ಉಬ್ಬುತ್ತದೆ ಎಂದೂ ಗೊತ್ತಿತ್ತು. ಬಡಗಿಯ ಮಗನಾಗಿ ಹುಟ್ಟಿದವನಿಗೆ ಅದು ಹಾಲಿನ ಜೊತೆ ಬಂದ ವಿದ್ಯೆ. ಆದರೆ ಹೊಗಳಿಕೆಗೆ ಅವಸರ, ಮರ ಒಣಗಲಿಕ್ಕೆ ಅವಸರವಿಲ್ಲ. ಅಡುಗೆಯಕ್ಕ ಎಂದಿನಂತೆ ಬೆಳಿಗ್ಗೆ ಮುಂಗೋಣೆಗೆ ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆಯುತ್ತ, ಅಗುಳಿಯನ್ನು ಕಂಡು ಪೊರಕೆ ನಿಲ್ಲಿಸಿದಳು. ದೊಡ್ಡಕ್ಕ ಬಂದರೆ ನಿನ್ನನ್ನೇ ಅದರ ಜಾಗಕ್ಕೆ ಜಡಿಯುತ್ತಾರೆ ಎಂದು ಹೇಳಿ, ಅದರ ಮೇಲೂ ಒಂದು ಚೊಂಬು ಚೆಲ್ಲಿದಳು. ಹೊತ್ತೇರಿದ ಮೇಲೆ ಹಿಟ್ಟು ತರಲು ಬೀದಿಯ ತುದಿಯ ಅಂಗಡಿಗೆ ಹೋದಳು.

ಸೇತುವೆಯ ಮೇಲೆ ಕೂಗೆದ್ದದ್ದು ಆಗ. ಬಡಗಿ ಕಿಟಕಿಯ ಸಂದಿನಲ್ಲಿ ನೋಡಿದ. ಆಚೆಯವನೊಬ್ಬನನ್ನು ಸೇತುವೆಯ ಕಟಕಟೆಗೆ ಒರಗಿಸಿ ಬಡಿಯುತ್ತಿದ್ದರು. ಅವನ ತಲೆ ಪ್ರತಿ ಏಟಿಗೂ ಹೂಂ ಎಂದಂತೆ ಆಡುತ್ತಿತ್ತು, ಆಮೇಲೆ ಆಡುವುದನ್ನು ನಿಲ್ಲಿಸಿತು. ಅದನ್ನು ನೋಡಿ ಆಚೆಯಿಂದ ಒಂದು ದಂಡು ನುಗ್ಗಿತು. ಅಂಗಡಿಗಳ ಗಾಜು ಸುರಿಯಿತು. ಬಡಗಿ ಬಾಗಿಲು ದೂಡಿ, ಅಗುಳಿ ಸರಿಸಿ, ಮರದ ಕೊಡತಿಯಿಂದ ನಾಲ್ಕು ಹೊಡೆದು ಭದ್ರ ಮಾಡಿದ. ಕೂಸುಗಳನ್ನು ಅವುಚಿಕೊಂಡ ತಾಯಂದಿರ ಕಡೆಗೆ ತಿರುಗಿ, ಹೆದರಬೇಡಿ ಎಂದು ಕೈಯೆತ್ತಿದ. ಕಪಾಟಿನ ಕನ್ನಡಿಯ ಮುಂದೆ ಎತ್ತುತ್ತಿದ್ದಂತೆಯೇ ಎತ್ತಿದ.

'ತೆಗಿ ಅದನ್ನ,' ಅಂದ ಕೊಡೆಯಜ್ಜ ಮಂಚದಿಂದ. 'ಈ ಮನೆ ಬಾಗಿಲು ಹಾಕಿದ್ದು ನಾನು ನೋಡೇ ಇಲ್ಲ. ತೆಗಿ.'

ಅಷ್ಟರಲ್ಲಿ ಬಾಗಿಲಿಗೆ ಮುಷ್ಟಿಗಳು ಬಿದ್ದವು. ಓಡಿಬಂದವರ ಮುಷ್ಟಿಯೋ ಅಟ್ಟಿಸಿಕೊಂಡು ಬಂದವರ ಮುಷ್ಟಿಯೋ ಮರದ ಈ ಬದಿಯಿಂದ ತಿಳಿಯುವುದಿಲ್ಲ. ಮುಷ್ಟಿಗಳು ದೂರವಾದವು. ಆಮೇಲೆ ಅಂಗೈಯೊಂದು ಬಡಿಯಿತು, ಜೊತೆಗೆ ದನಿ.

'ಉಪದೇಶಿ. ನಾನು ಕಣೋ. ತೆಗಿ.'

ಅವನು ಅಗುಳಿಗೆ ಕೈಹಾಕಿದ. ಅದು ಅಲುಗಲಿಲ್ಲ. ಬೆಳಗಿನಿಂದ ನೀರು ಕುಡಿದ ಹಸಿ ಮರ ಚೌಕಟ್ಟನ್ನು ಹಲ್ಲಿನಿಂದ ಕಚ್ಚಿ ಹಿಡಿದಿತ್ತು. ಕೊಡತಿಯಿಂದ ತಿರುಗಿಸಿ ಹೊಡೆದ. ಅವನ ಜೀವಮಾನದಲ್ಲಿ ಅಷ್ಟು ಚೊಕ್ಕಟವಾಗಿ ಅವನು ಇನ್ನೊಂದು ಸಾಮಾನು ಮಾಡಿರಲಿಲ್ಲ. ಹೊರಗೆ ಬೂಟುಗಳ ಸದ್ದು ಬಂದು ನಿಂತಿತು. ಗಂಡಸಿನ ದನಿಯೊಂದು, ಕೋಪಕ್ಕಿಂತ ಹೆಚ್ಚಾಗಿ ಆಶ್ಚರ್ಯದಿಂದ, ಈ ಮನೆಗೆ ಯಾವಾಗಿನಿಂದ ಅಗುಳಿ ಬಂತು, ಒಳಗೆ ಯಾರನ್ನು ಬಚ್ಚಿಟ್ಟಿದ್ದೀರಿ ಎಂದು ಕೇಳಿತು. ಅಡುಗೆಯಕ್ಕ ಏನೋ ಬೈದಳು. ಆಮೇಲೆ ಸರಳು ಮರಕ್ಕೆ ಬಿತ್ತು. ಮರಕ್ಕೆ ಬಿದ್ದ ಸದ್ದು ಬೇರೆ, ಮರದ ಮೇಲೆ ಇಟ್ಟಿದ್ದ ಕೈಗೆ ಬಿದ್ದ ಸದ್ದು ಬೇರೆ. ಬಡಗಿಗೆ ಎರಡೂ ಬೇರೆಬೇರೆಯಾಗಿ ಕೇಳಿಸಿದವು. ಅವಳ ಕೂಗು ಬಾಗಿಲಿನ ಹಲಗೆಯೊಳಗಿಂದಲೇ ಬಂದಂತಿತ್ತು.

ಒಳಗಿನ ಕೊಡತಿಗೂ ಹೊರಗಿನ ಸರಳಿಗೂ ಸಿಕ್ಕಿ ಅಗುಳಿ ಕೊನೆಗೆ ಎರಡು ತುಂಡಾಗಿ ಮುರಿಯಿತು. ಬಾಗಿಲು ತೆರೆದು ಅವಳು ಹಿಟ್ಟಿನ ಚೀಲದ ಸಮೇತ ಒಳಗೆ ಬಿದ್ದಳು. ಬಲಗೈಯ ಬೆರಳುಗಳು ಬೆರಳುಗಳಿರಬೇಕಾದ ದಿಕ್ಕಿನಲ್ಲಿರಲಿಲ್ಲ. ಹಿಂದೆಯೇ ಹೊಸ್ತಿಲು ದಾಟಿದವನಿಗೆ ಎಡಗಿವಿ ಅರ್ಧವೇ ಇತ್ತು. ಈಚೆಯವರ ಪೈಕಿ ಅವನನ್ನು ಕಿವಿಹರುಕ ಎನ್ನುತ್ತಿದ್ದರು. ಆ ಹೊಸ್ತಿಲನ್ನು ಕೈಯಲ್ಲಿ ಸರಳು ಹಿಡಿದು ದಾಟಿದವರಲ್ಲಿ ಅವನೇ ಮೊದಲಿಗ. ಬಡಗಿ ಅಡ್ಡ ಬಂದ. ಸರಳಿನ ತುದಿ ಅವನ ಬಾಯಿಗೆ ಬಡಿಯಿತು, ಮುಂದಿನ ಹಲ್ಲುಗಳು ನಾಲಿಗೆಯ ಮೇಲೆ ಉದುರಿದವು. ಬಿದ್ದವನು ಬಿದ್ದಲ್ಲಿಂದಲೇ ಎಲ್ಲವನ್ನೂ ನೋಡಿದ. ಕಿವಿಹರುಕ ಮಂಚಗಳ ಸಾಲನ್ನು ನೋಡುತ್ತ ನಡೆದು ಆಚೆ ಕಡೆಯ ಮುಖವೊಂದನ್ನು ಗುರುತಿಸಿದ. ಕೊಡೆಯಜ್ಜನನ್ನು ಕಾಲು ಹಿಡಿದು ಎಳೆದ. ಪುಡಿಯಾಗಿದ್ದ ಕಾಲನ್ನೇ ಹಿಡಿದು. ಅಜ್ಜ ಊರುಗೋಲನ್ನು ಬಿಡಲಿಲ್ಲ. ಮೆಟ್ಟಿಲ ಮೇಲೆ ಕಿವಿಹರುಕನೂ ಅವನ ಜೊತೆಯವರೂ ಅದನ್ನು ಕಿತ್ತುಕೊಂಡು ಅದರಿಂದಲೇ ಹೊಡೆದರು. ಗಟ್ಟಿ ಕೋಲು. ಅಜ್ಜ ಮುಗಿಯುವವರೆಗೂ ಮುರಿಯಲಿಲ್ಲ.

ದೊಡ್ಡಕ್ಕ ಬಂದಾಗ ಬಡಗಿ ಕೊಟ್ಟಿಗೆಯಲ್ಲಿ ಅಜ್ಜನ ಶವಪೆಟ್ಟಿಗೆಗೆ ಹಲಗೆ ಉಜ್ಜುತ್ತಿದ್ದ. ಅವನು ಬೈಗುಳಕ್ಕೆ ಸಿದ್ಧನಾಗಿದ್ದ. ಬೈದರೆ ಅರ್ಧ ಹಗುರಾಗಬಹುದು ಎಂಬ ಆಸೆಯೂ ಇತ್ತು. ಅವರು ನೆಲದ ಮೇಲಿದ್ದ ಅಗುಳಿಯ ತುಂಡನ್ನು ಎತ್ತಿಕೊಂಡರು. ಅದರ ಮೈಮೇಲೆ ಕೈಯಾಡಿಸಿದರು, ಅವನು ಕನಸು ಕಂಡಿದ್ದಂತೆಯೇ.

'ಕೆಲಸ ಚೆನ್ನಾಗಿದೆ,' ಅಂದರು.

ಅವನು ಕಾದಿದ್ದ ಶಭಾಷ್ ಅಷ್ಟೇ. ಕಿವಿಹರುಕನ ಸರಳಿಗೆ ಬಾರದ ಅಳು ಅವನಿಗೆ ಆಗ ಬಂತು. ದೊಡ್ಡಕ್ಕ ಸಮಾಧಾನ ಮಾಡಲಿಲ್ಲ. ಅಡುಗೆಯಕ್ಕನ ಕೈ ಇನ್ನು ಸೌಟು ಹಿಡಿಯುವುದಿಲ್ಲ, ನಾಳೆಯಿಂದ ಒಲೆಯ ಮುಂದೆ ನೀನು ಎಂದು ಹೇಳಿ ಹೋದರು.

ಅಮ್ಮ ಫೋನು ಮಾಡಿದಳು. ಸಭೆಯ ಹೆಂಗಸರೆಲ್ಲ ಕೇಳುತ್ತಿದ್ದಾರೆ, ಎಷ್ಟು ಜನರನ್ನು ಬೆಳಕಿಗೆ ತಂದೆ ಎಂದಳು. ಬಾಯಲ್ಲಿ ಹಲ್ಲಿಲ್ಲದೆ ಅವನ ಮಾತು ಗಾಳಿಯಾಗಿ ಹೋಗುತ್ತಿತ್ತು. 'ಇದ್ದೋರಲ್ಲೇ ಒಬ್ರು ಕಡಿಮೆ ಆದ್ರಮ್ಮ,' ಎಂದ. ಲೈನು ಸರಿಯಿಲ್ಲ, ಆಮೇಲೆ ಮಾಡುತ್ತೇನೆ ಎಂದು ಅವಳು ಇಟ್ಟಳು. ಊರಿಗೆ ಹೊರಡಲೆಂದು ಅವನು ತನ್ನ ಪೆಟ್ಟಿಗೆ ಕಟ್ಟಿದ್ದ, ಬಿಚ್ಚಿದ್ದ, ಮತ್ತೆ ಕಟ್ಟಿದ್ದ. ಹೋಗಬೇಕೆಂದರೆ ಆ ಬಾಗಿಲಿನ ಮೂಲಕವೇ ಹೋಗಬೇಕಿತ್ತು, ಅದರ ಹಲಗೆಯ ಮೇಲೆ ಅಡುಗೆಯಕ್ಕನ ಕೈ ಕಲೆಯಾಗಿ ಉಳಿದಿತ್ತು.

ಕೊನೆಗೆ ಅವನು ಬಾಗಿಲನ್ನೇ ಕಳಚಿದ. ಮುರಿದ ಗಾಡಿಯ ಸ್ಪ್ರಿಂಗುಗಳಿಂದ ಬಿಜಾಗರಿ ಮಾಡಿಕೊಂಡು, ಒಳಕ್ಕೂ ಹೊರಕ್ಕೂ ಆಡುವಂತೆ ಅದನ್ನು ತೂಗುಹಾಕತೊಡಗಿದ. ಅಡುಗೆಯಕ್ಕ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಬಂದು ನಿಂತಳು. ಅಂದಿನಿಂದ ಅವಳು ಅವನೊಡನೆ ಮಾತಾಡಿರಲಿಲ್ಲ. ಸೊಂಟದಿಂದ ಬಾಗಿಲನ್ನು ನೂಕಿದಳು.

'ಬಿಗಿ ಇದೆ,' ಎಂದಳು. 'ಹೆಣ ಹೊತ್ಕೊಂಡು ಬರೋನಿಗೆ ಕೈ ಖಾಲಿ ಇರುತ್ತಾ? ಕೈಯೇ ಇಲ್ದೋನು ಬಂದ್ರೆ?'

ಅವನು ಸಡಿಲಿಸಿದ. ಅವಳು ಭುಜದಿಂದ ನೂಕಿದಳು, ಬೆನ್ನಿನಿಂದ ನೂಕಿದಳು, ಹಣೆಯಿಂದ ನೂಕಿದಳು. ಹಣೆಗೆ ತೆರೆದುಕೊಳ್ಳುವವರೆಗೂ ಬಿಡಲಿಲ್ಲ. ಆಮೇಲೆ ಒಲೆಯ ಮುಂದೆ ಕೂತು ಅವನಿಂದ ಅಡುಗೆ ಮಾಡಿಸಿದಳು. ನಿನ್ನ ಕೈಯಲ್ಲಿ ಗಂಜಿಗೂ ಕ್ಷಯ ಬರುತ್ತದೆ ಎಂದು ಬೈದಳು. ಬೈಗುಳ ಶುರುವಾದದ್ದೇ ಅವನಿಗೆ ದೊಡ್ಡದೆನಿಸಿತು, ಆದರೆ ಅದನ್ನು ಕ್ಷಮೆ ಎಂದು ಬಗೆಯುವ ಧೈರ್ಯ ಬರಲಿಲ್ಲ. ಈ ಹೊತ್ತಿಗೆ ಪ್ರಸಂಗದ ಮೊದಲ ಸಾಲು ಹೇಗೆ ಶುರುವಾಗುತ್ತಿತ್ತೆಂಬುದೂ ಅವನಿಗೆ ಮರೆಯುತ್ತ ಬಂದಿತ್ತು.

ಮಧ್ಯಾಹ್ನದ ಗಂಜಿ ಕುದಿಯುತ್ತಿದ್ದಾಗ ಒಂದು ದಿನ ಬಾಗಿಲು ಸಪ್ಪಳವಿಲ್ಲದೆ ತೆರೆದುಕೊಂಡು ಕಿವಿಹರುಕ ಒಳಗೆ ಬಂದ. ಹಣೆಯಿಂದ ನೂಕಿಕೊಂಡು ಬಂದ. ಅವನ ಎರಡೂ ಕೈ ಹೊಟ್ಟೆಯ ಮೇಲಿದ್ದವು, ಬೆರಳುಗಳ ನಡುವೆ ಒಳಗಿರಬೇಕಾದದ್ದು ಹೊರಗೆ ಇಣುಕುತ್ತಿತ್ತು. ಎರಡು ಹೆಜ್ಜೆ ಇಟ್ಟು ಮೊಣಕಾಲೂರಿದ. ಬಡಗಿ ಅಡುಗೆಮನೆಯಿಂದ ಬಂದವನು ಕೈಯಲ್ಲಿ ಈರುಳ್ಳಿಯ ಚಾಕು ಹಿಡಿದೇ ನಿಂತ. ಕಿವಿಹರುಕನ ಕೊರಳು ಅವನ ಕೈಗೆ ಎಷ್ಟು ಹತ್ತಿರವಿತ್ತೆಂದರೆ, ಮರಕ್ಕಾದರೆ ಅಲ್ಲಿ ಗುರುತು ಹಾಕುತ್ತಿದ್ದ.

ಹೊರಗೆ ಆಚೆಯವರು ಬಂದು ನಿಂತರು. ಮುಂದೆ ಇದ್ದವನು ಕೊಡೆಯಜ್ಜನ ಮಗ. ಅಪ್ಪನ ಪೆಟ್ಟಿಗೆಗೆ ಹೆಗಲು ಕೊಡಲು ಬಂದಾಗ ಬಡಗಿ ಅವನನ್ನು ನೋಡಿದ್ದ. ಮಚ್ಚಿನಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ಆದರೂ ಅವನು ಹೊಸ್ತಿಲ ಹೊರಗೇ ನಿಂತ. ಅಗುಳಿ ಹೋದ ಸುದ್ದಿ ಸೇತುವೆಯ ಆಚೆಗೂ ಮುಟ್ಟಿತ್ತು.

'ಅವನ್ನ ಹೊರಗೆ ತಳ್ಳು,' ಅಂದ. 'ನಮ್ಮಪ್ಪನ್ನ ಕೊಂದೋನು ಅಂತ ನಿಂಗೆ ಗೊತ್ತಲ್ಲ. ನಾನು ಒಳಗೆ ಬರಲ್ಲ. ನೀನೇ ತಳ್ಳು.'

ನ್ಯಾಯದ ಮಾತು. ಬಡಗಿಯ ಮೈಯ ಒಂದೊಂದು ಎಲುಬೂ ಅದಕ್ಕೆ ಹೌದೆಂದಿತು. ತಳ್ಳುವುದೂ ಕಷ್ಟವಿರಲಿಲ್ಲ, ಬಾಗಿಲು ಹೊರಕ್ಕೂ ಆಡುತ್ತಿತ್ತು, ಅವನೇ ಹಾಗೆ ಮಾಡಿದ್ದ. ಅವನು ಅಡುಗೆಯಕ್ಕನ ಕಡೆ ನೋಡಿದ. ಕೈ ಮುರಿದವಳು ಅವಳು. ತಳ್ಳು ಎಂದು ಅವಳೊಬ್ಬಳು ಹೇಳಿದರೆ ಸಾಕಿತ್ತು.

'ನನ್ನ ಮುಖ ಯಾಕೆ ನೋಡ್ತೀಯ?' ಅಂದಳು ಅವಳು. 'ಬಾಗಿಲು ಮಾಡಿದೋನು ನೀನು.'

ಅವನು ಚಾಕುವನ್ನು ಮಂಚದ ಮೇಲಿಟ್ಟ. ಹೊಸ್ತಿಲು ದಾಟಿ ಮೆಟ್ಟಿಲ ಮೇಲೆ ಹೋಗಿ ನಿಂತ. ಅಜ್ಜ ಸತ್ತ ಮೆಟ್ಟಿಲು. ಇಂಥ ಗಳಿಗೆಯಲ್ಲಿ ಬಾಯಿಗೆ ತಾನಾಗಿ ಮಾತು ಬರುತ್ತದೆ ಎಂದು ಅವನು ಊರಲ್ಲಿ ನಂಬಿದ್ದ. ಬಂದದ್ದು ಇಷ್ಟು: 'ಅಗುಳಿ ಹಾಕಿದ್ದು ನಾನು.'

ಅಜ್ಜನ ಮಗ ಅರ್ಥವಾಗದೆ ನೋಡಿದ.

'ಅವತ್ತು ಬಾಗಿಲು ಮುಚ್ಚಿದ್ದು ನಾನು. ಅದಕ್ಕೇ ಅವನು ಸರಳು ಹಿಡ್ಕೊಂಡು ಒಳಗೆ ಬಂದ. ಇಲ್ದಿದ್ರೆ ಬರ್ತಿರ್ಲಿಲ್ಲ.'

ಮಚ್ಚು ಎದ್ದಿತು. ಬಿದ್ದದ್ದು ಅದರ ಹಿಂಬದಿ. ಅದು ಕರುಣೆಯೋ ಕೈತಪ್ಪೋ ಯಾರಿಗೂ ತಿಳಿಯದು. ಬಡಗಿಯ ಹೆಗಲ ಮೂಳೆ ಒಣ ಕಡ್ಡಿಯ ಸದ್ದು ಮಾಡಿತು. ಇನ್ನೊಂದು ಏಟು ಪಕ್ಕೆಗೆ, ಮತ್ತೊಂದು ತೊಡೆಗೆ. ಆಮೇಲೆ ಅವನು ಮಚ್ಚು ಬಿಸುಟು ಕೈಯಿಂದ, ಮೊಣಕೈಯಿಂದ, ಬೂಟಿನಿಂದ ಹೊಡೆದ. ಬಡಗಿ ಹಿಂದಕ್ಕೆ ಜೋಲಿ ಹೊಡೆದು ಬಾಗಿಲಿಗೆ ಬಿದ್ದರೆ ಅದು ಒಳಕ್ಕೆ ಹೋಗಿ, ತಿರುಗಿ ಬಂದು ಅವನ ಹಿಂದಲೆಗೇ ಬಡಿದು ಮತ್ತೆ ಏಟಿನ ಮುಂದಕ್ಕೆ ನೂಕುತ್ತಿತ್ತು. ಎರಡೂ ಕಡೆ ಆಡುವ ಬಾಗಿಲಿಗೆ ತನ್ನವನು ಪರರವನು ಎಂಬ ಭೇದವಿಲ್ಲ. ಮಾಡಿದವನೆಂಬ ದಾಕ್ಷಿಣ್ಯವೂ ಇಲ್ಲ. ಏಟುಗಳ ನಡುವೆಯೇ ಅವನಿಗೆ, ಸ್ಪ್ರಿಂಗು ಒಂದು ಸುತ್ತು ಸಡಿಲಿಸಬೇಕಿತ್ತು ಎಂಬ ಯೋಚನೆ ಬಂದುಹೋಯಿತು.

ಹೊಡೆಯುವವನಿಗೂ ದಣಿವಾಗುತ್ತದೆ. ಅಜ್ಜನ ಮಗ ಮೆಟ್ಟಿಲ ಮೇಲೆ ಕೂತು ಉಸಿರೆಳೆದುಕೊಂಡ. ಅವನ ಗೆಣ್ಣುಗಳೆಲ್ಲ ಒಡೆದಿದ್ದವು. ಅಡುಗೆಯಕ್ಕ ಬಾಗಿಲನ್ನು ಸೊಂಟದಿಂದ ನೂಕಿ ಹೊರಬಂದು, ಎಡಗೈಯಿಂದ ಒಂದು ಚೊಂಬು ನೀರನ್ನು ಅವನ ಪಕ್ಕದಲ್ಲಿಟ್ಟಳು. ಅವನು ಕುಡಿಯಲಿಲ್ಲ. ಚೊಂಬನ್ನು ಕಾಲಿನಿಂದ ಒದ್ದು, ಬಡಗಿಯ ಮೇಲೆ ಉಗಿದು, ಮಚ್ಚು ಎತ್ತಿಕೊಂಡು ಸೇತುವೆಯ ಕಡೆ ನಡೆದ. ಚೊಂಬು ಉರುಳುತ್ತ ಬೀದಿಯ ನಡುವಿನವರೆಗೂ ಹೋಯಿತು.

ದೊಡ್ಡಕ್ಕ ಅಂದು ಇಬ್ಬರನ್ನೂ ಹೊಲಿದರು. ಜಾಗವಿಲ್ಲದ್ದರಿಂದ ಮಂಚಗಳು ಅಕ್ಕಪಕ್ಕದಲ್ಲೇ ಬಿದ್ದವು. ಬಡಗಿ ಉಳಿದೆಲ್ಲ ಆಸೆ ಬಿಟ್ಟರೂ ಒಂದನ್ನು ಬಿಟ್ಟಿರಲಿಲ್ಲ. ಕಿವಿಹರುಕ ಕಣ್ಣು ಬಿಟ್ಟಾಗ ತನ್ನನ್ನು ನೋಡುತ್ತಾನೆ, ಕಟ್ಟಿದ ಹೆಗಲನ್ನು ನೋಡುತ್ತಾನೆ, ಏನಾದರೂ ಹೇಳುತ್ತಾನೆ. ದೊಡ್ಡದೇನೂ ಬೇಡ, ಅಜ್ಜನ ಬಗ್ಗೆ ಒಂದು ಮಾತು, ಇಲ್ಲವೇ ಅಡುಗೆಯಕ್ಕನ ಕೈಯನ್ನು ಕಂಡು ತಗ್ಗಿಸಿದ ಕಣ್ಣು. ಅಷ್ಟಾದರೆ ಅಮ್ಮನಿಗೆ ಹೇಳಲು ಒಂದು ಲೆಕ್ಕ ಸಿಗುತ್ತಿತ್ತು. ಅವನು ಕಾದ. ಸೌದೆಯ ಒಲೆಗೆ ಕೂತ ಪಾತ್ರೆಯನ್ನು ಕಾಯುವಂತೆ ಕಾದ. ಅಡುಗೆಯಕ್ಕನೇ ಎಡಗೈಯಿಂದ ಕಿವಿಹರುಕನ ಬಾಯಿಗೆ ಗಂಜಿ ಹಾಕಿದಳು. ಅವನು ನುಂಗಿ, ಅವಳ ಕೈಯನ್ನೂ ನೋಡಿ, ಬಡಗಿಯ ಹೆಗಲನ್ನೂ ನೋಡಿ, ಕೊನೆಗೆ ಬಾಯಿಬಿಟ್ಟ.

'ಗಂಜಿಗೆ ಉಪ್ಪಿಲ್ಲ.'

ಅದೇ ಮೊದಲು, ಅದೇ ಕೊನೆ. ಹೊಲಿಗೆ ಮಾಯುತ್ತಿದ್ದಂತೆ ಅವನು ಯಾರಿಗೂ ಹೇಳದೆ ಎದ್ದು ಹೋದ. ಹೋಗುವಾಗ ಕೊಟ್ಟಿಗೆಯಿಂದ ಬಡಗಿಯ ಹತ್ತರಿಯನ್ನೂ ಒಯ್ದಿದ್ದ. ಅಪ್ಪನ ಬೆರಳುಗಳು ಸವೆಸಿದ ಹಿಡಿಯ ಹತ್ತರಿ.

ಬಡಗಿ ಕೊಟ್ಟಿಗೆಯಲ್ಲಿ ಮೂಲೆಮೂಲೆ ಹುಡುಕಿದ, ತಿಳಿದಿದ್ದರೂ ಹುಡುಕಿದ. ಆಮೇಲೆ ಅಡುಗೆಮನೆಗೆ ಬಂದು, ಒಳ್ಳೆಯ ತೋಳಿನಿಂದ ಈರುಳ್ಳಿಯ ಬುಟ್ಟಿಯನ್ನು ಎಳೆದುಕೊಂಡು ಕೂತ. ಒಲೆಯ ಮುಂದಿದ್ದ ಅಡುಗೆಯಕ್ಕ ಅವನ ಮುಖ ನೋಡಿದಳು. ಏನು ಹೋಯಿತು ಎಂದು ಕೇಳಿದಳು. ಹತ್ತರಿ ಎಂದ. ಅವಳು ಬೆಂಕಿಯನ್ನು ಒಮ್ಮೆ ಕೆದಕಿದಳು.

'ಅಗುಳಿ ಹಾಕ್ಬೇಕಿತ್ತು,' ಎಂದಳು.

ಅವನಿಗೆ ಅದು ಮೊದಲು ಮುರಿದ ಹೆಗಲಿಗೆ ತಾಕಿತು, ಆಮೇಲೆ ಪಕ್ಕೆಗೆ, ಆಮೇಲೆ ತಡೆಯಲಾಗದೆ ನಗುವಾಗಿ ಹೊರಬಂತು. ಹಲ್ಲಿಲ್ಲದ ಬಾಯಿಂದ ನಗು ಸಿಳ್ಳೆಯಂತೆ ಬರುತ್ತಿತ್ತು. ನಕ್ಕರೆ ಪಕ್ಕೆ ಇರಿಯುತ್ತಿತ್ತು, ಇರಿದಷ್ಟೂ ನಗು ಹೆಚ್ಚಾಗುತ್ತಿತ್ತು. ಅವಳು ನಗಲಿಲ್ಲ. ಆದರೆ ಮುದುಡಿದ ಬಲಗೈಯನ್ನು ಎತ್ತಿ ಬಾಯಿಗೆ ಅಡ್ಡ ಹಿಡಿದುಕೊಂಡಳು.

ಬೀದಿಯಲ್ಲಿ ಮತ್ತೆ ಗಾಜು ಸುರಿಯಿತು. ಮುಂಗೋಣೆಯಲ್ಲಿ ಬಾಗಿಲು ಒಳಕ್ಕೆ ಆಡಿ, ಹೊರಕ್ಕೆ ಆಡಿ ನಿಂತ ಸದ್ದು. ಯಾರೋ ಕಾಲೆಳೆಯುತ್ತ ಬಂದು ಗೋಡೆಗೆ ಒರಗಿದ ಸದ್ದು. ಆಚೆಯವನೋ ಈಚೆಯವನೋ, ಅಜ್ಜನ ಮಗನೋ ಹತ್ತರಿ ಕದ್ದವನೋ ಎಂದು ಬಗ್ಗಿ ನೋಡಿದ್ದರೆ ಅಡುಗೆಮನೆಯಿಂದಲೇ ಕಾಣುತ್ತಿತ್ತು.

ಬಡಗಿ ನೋಡಲಿಲ್ಲ. ಬಕೆಟ್ಟಿಗೆ ನೀರು ತುಂಬಿಕೊಂಡ, ಗಂಜಿಗೆ ಉಪ್ಪು ಹಾಕಿ ಎಂದು ಅಡುಗೆಯಕ್ಕನಿಗೆ ಹೇಳಿ, ಬಂದವನ ಕಡೆಗೆ ನಡೆದ.